ತಗಡಿನ ಡಬ್ಬಿಯಲ್ಲಿ ಅಜ್ಜಿಯ ಹಾಳೆಗಳು

"ಹಳೇ ಹಾಳೆಗಳೆಲ್ಲಿ?"

ಬೈಂಡಿಂಗ್ ಅಂಗಡಿಯ ಹುಡುಗಿಯ ಕೈಯಲ್ಲಿದ್ದ ಅಂಟಿನ ಬ್ರಶ್ ಅಲ್ಲೇ ನಿಂತಿತು. ಆರು ವಾರದಿಂದ ಒಂದಲ್ಲ ಒಂದು ನೆಪ ಹೂಡಿಕೊಂಡು ಬರುತ್ತಿದ್ದ ಗಡಿಯಾರ ರಿಪೇರಿಯವನು ಇವತ್ತು ಅವಳ ಮುಖವನ್ನೂ ನೋಡದೆ ಮಾತಾಡಿದ್ದ.

ಅವನು ಯೆಹೂದಿ. ತೀರಿಕೊಂಡ ಅಜ್ಜಿಯ ಪ್ರಾರ್ಥನಾ ಪುಸ್ತಕ ತಂದುಕೊಟ್ಟಿದ್ದ. ಹುಳು ತಿಂದ ಇಪ್ಪತ್ತು ಹಾಳೆ ತೆಗೆದು, ಅವನೇ ಕೊಟ್ಟ ಹೊಸ ಹಾಳೆಗಳನ್ನು ಅವಳು ಹೊಲಿದಿದ್ದಳು. ಬಲಗಡೆಯಿಂದ ತೆರೆಯುವ ಆ ಪುಸ್ತಕದ ಒಂದಕ್ಷರವೂ ಅವಳಿಗೆ ಬಾರದು. ಸಾಲಿನ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಪದ ಯಾವುದೆಂದು ಒಮ್ಮೆ ಕೇಳಿದ್ದಳು.

ಆಮೆನ್ ಅಂದಿದ್ದ. ಹಾಗೇ ಆಗಲಿ ಅಂತ ಅರ್ಥ.

ಪ್ರತಿ ಭಾನುವಾರ ಚರ್ಚಿನಲ್ಲಿ ತಾನು ಹೇಳುವುದೂ ಅದೇ ಅಲ್ಲವೇ! ಅವಳು ಬಾಯಿ ಬಿಟ್ಟುಕೊಂಡು ಕೂತಿದ್ದಳು. ನೀವು ಹಾಡುವ ಕೀರ್ತನೆಗಳೂ ನಮ್ಮಜ್ಜಿ ಹಾಡಿದವೇ ಎಂದು ಅವನು ನಕ್ಕಿದ್ದ. ಅವತ್ತೇ ನಮ್ಮ ಹುಡುಗಿ ಮನಸೋತಿದ್ದು... ಮುಚ್ಚಳ ಹಾಕಲು ಮರೆತು ಒಂದು ಡಬ್ಬಿ ಅಂಟು ಗಟ್ಟಿಯಾಗಿತ್ತು.

ಈಗ ಅವನ ಕಣ್ಣು ಬಾಗಿಲ ಬಳಿಯ ಗೋಣಿಚೀಲದ ಮೇಲಿತ್ತು. ರದ್ದಿಯವನಿಗೆಂದು ತುಂಬಿಟ್ಟ ಚೂರುಪಾರು ಕಾಗದ.

"ರದ್ದಿಗೆ ಹಾಕಿಬಿಟ್ರಾ? ದೇವರ ಹೆಸರಿದ್ದ ಹಾಳೆ ಅವು. ಅಜ್ಜಿ ಸಮಾಧಿ ಪಕ್ಕದಲ್ಲಿ ಮಣ್ಣು ಮಾಡ್ಬೇಕಿತ್ತು. ನಾಳೆಗೆ ಅವರು ಹೋಗಿ ಒಂದು ವರ್ಷ."

ಅವಳು ಬ್ರಶ್ ಕೆಳಗಿಟ್ಟಳು.

ಮಣ್ಣು ಮಾಡಬೇಕಿತ್ತಾ...? ಇವರಲ್ಲೂ ಹಾಗೇನಾ?

ತಾನು ಮಾಡಿದ್ದು ಗೊತ್ತಾದರೆ ಇವನು ಇನ್ನೆಂದೂ ಈ ಮೆಟ್ಟಿಲು ಹತ್ತಲಾರ! ಆದರೂ ಬನ್ನಿ ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದಳು.

ಎರಡು ಬೀದಿ ದಾಟಿದರೆ ಚರ್ಚಿನ ಹಿಂದಿನ ಸ್ಮಶಾನ. ತಾಯಿಯ ಸಮಾಧಿಯ ಬದಿಯಲ್ಲಿ ಇತ್ತೀಚೆಗೆ ಅಗೆದು ಮುಚ್ಚಿದ್ದ ಮಣ್ಣನ್ನು ತೋರಿಸಿದಳು.

"ಇಲ್ಲಿವೆ. ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು, ತಪ್ಪಾಯ್ತು. ಅಂಗಡಿ ಮೊದಲು ಅಮ್ಮಂದು. ಸವೆದ ಬೈಬಲ್ ಬಂದ್ರೆ ಅದರ ಹಾಳೆಗಳನ್ನ ಅಮ್ಮ ಹೀಗೇ ಹೂಳ್ತಿದ್ರು. ದೇವರ ಮಾತು ಕಸಕ್ಕೆ ಹೋಗಬಾರ್ದು ಅನ್ನೋರು."

ಅವನು ಗರಬಡಿದವನಂತೆ ನಿಂತ. ಅಜ್ಜಿಯ ಹಾಳೆಗಳು ಶಿಲುಬೆಯ ನೆರಳಿನಲ್ಲಿ! ಬೈಯುತ್ತಾನೆ, ಈಗ ಬೈಯುತ್ತಾನೆ ಎಂದು ಅವಳು ಉಸಿರು ಬಿಗಿಹಿಡಿದಳು.

"ಅಜ್ಜಿನೂ ಇದೇ ಮಾತು ಹೇಳ್ತಿದ್ರು," ಎಂದ ಕೊನೆಗೆ.

ಇಬ್ಬರೂ ಮಂಡಿಯೂರಿ ಬರಿಗೈಯಲ್ಲೇ ಮಣ್ಣು ಸರಿಸಿದರು. ತಗಡಿನ ಡಬ್ಬಿಯೊಳಗೆ ಬಿಳಿ ಬಟ್ಟೆ, ಅದರೊಳಗೆ ಹೊಲಿಗೆಯ ದಾರದಿಂದ ಕಟ್ಟಿದ ಹಾಳೆಗಳು. ಒಂದೂ ಮಡಚಿರಲಿಲ್ಲ. ರದ್ದಿ ಅಂದುಬಿಟ್ಟೆನಲ್ಲ, ಕ್ಷಮಿಸಿ ಎಂದು ಅವನು ತಲೆ ತಗ್ಗಿಸಿದ. ಆಮೇಲೆ ಹತ್ತು ಹಾಳೆಗಳನ್ನು ಎತ್ತಿಕೊಂಡು, ಉಳಿದ ಹತ್ತನ್ನು ಮತ್ತೆ ಕಟ್ಟಿ ಡಬ್ಬಿಯಲ್ಲಿಟ್ಟ.

"ಅವನ್ಯಾಕೆ ಬಿಟ್ರಿ?"

"ಅರ್ಧ ಅಜ್ಜಿ ಹತ್ರ, ಅರ್ಧ ನಿಮ್ಮಮ್ಮನ ಹತ್ರ ಇರ್ಲಿ. ನಾಳೆ ಅಜ್ಜಿ ಸಮಾಧಿಗೆ ನನ್ನ ಜೊತೆ ಬರ್ತೀರಾ? ಆಮೇಲೆ ಪ್ರತಿ ವರ್ಷ ಎರಡೂ ಕಡೆ... ಇಬ್ರೂ ಜೊತೆಗೇ ಹೋಗೋಣ ಅಂತ. ನೀವು ಒಪ್ಪೋದಾದ್ರೆ."

ಅವಳ ಕಣ್ಣು ತುಂಬಿ ಬಂತು. ಮಣ್ಣು ಮೆತ್ತಿದ ಕೈಯನ್ನು ಅವನ ಕೈಯ ಮೇಲಿಟ್ಟಳು.

"ಆಮೆನ್," ಎಂದಳು.