ತನಿಯೇಲು ಬಿಟ್ಟೇಳುವ ಊಟ

ಆ ಭಾನುವಾರವೂ ತನಿಯೇಲು ನಾಲ್ಕು ತುತ್ತು ತಿಂದು ಬಾಳೆಲೆಯನ್ನು ಮುಂದಕ್ಕೆ ಸರಿಸಿದ. ಎದುರಿಗೆ ಕೂತು ಬೀಸಣಿಗೆಯಿಂದ ನೊಣ ಓಡಿಸುತ್ತಿದ್ದ ಮಸೀನಾಳ ಕೈ ಒಂದು ಗಳಿಗೆ ನಿಂತು, ಮತ್ತೆ ಆಡಿತು. ಅವನು ಸಮುದ್ರ ನೋಡುವವನಂತೆ ಮಾಡಿ ಅವಳನ್ನೇ ನೋಡುತ್ತಿದ್ದ. ಅವಳೂ ನೊಣ ನೋಡುವವಳಂತೆ ಮಾಡಿ ಅವನನ್ನೇ ನೋಡುತ್ತಿದ್ದಳು.

ಮಸೀನಾಳ ಕೈಯ ಪಲುಸಾಮಿ ಎಂದರೆ ಸವಾಯಿ ದ್ವೀಪದ ಆ ದಂಡೆಗೆಲ್ಲ ಹೆಸರು. ಎಳೆ ಕೆಸುವಿನೆಲೆಯಲ್ಲಿ ಗಟ್ಟಿ ತೆಂಗಿನ ಹಾಲು ಕಟ್ಟಿ ಅವಳು ಬಿಸಿಗಲ್ಲುಗಳ ಒಲೆಯಲ್ಲಿ ಮುಚ್ಚಿಟ್ಟಳೆಂದರೆ, ಪಾದ್ರಿಗಳ ಪ್ರಾರ್ಥನೆಯೂ ಚಿಕ್ಕದಾಗುತ್ತಿತ್ತು. ಅಡುಗೆಯ ವಿಷಯದಲ್ಲಿ ಅವಳು ಯಾರಿಗೂ ಅಂಜಿದವಳಲ್ಲ. ಆದರೆ ದೋಣಿ ಕಟ್ಟುವ ಈ ಗಟ್ಟಿ ಆಳು, ಮದುವೆಯ ಮಾತಿಗೇ ಬರುತ್ತಿದ್ದಾನೆಂದು ಊರೆಲ್ಲ ಆಡಿಕೊಳ್ಳುವ ಗಂಡಸು, ವಾರವಾರವೂ ಹಕ್ಕಿಯ ಹಾಗೆ ಕುಕ್ಕಿ ಏಳುತ್ತಿದ್ದ. ಊಟವೇ ಹಿಡಿಸದವನಿಗೆ ಮಾಡಿದವಳು ಹಿಡಿಸುತ್ತಾಳೆಯೇ?

ಬಂದವರು ಉಂಡೆದ್ದ ಮೇಲೆಯೇ ಮನೆಯವರ ಊಟ. ಅವನು ಹೋದೊಡನೆ, ಅವನು ಬಿಟ್ಟದ್ದನ್ನೆಲ್ಲ ಮಸೀನಾ ಒಲೆಯ ಬಳಿ ನಿಂತೇ ತಿಂದುಬಿಡುತ್ತಿದ್ದಳು. ಗಂಡ ಕಡಲಲ್ಲಿ ತೀರಿಹೋದ ವರ್ಷ ಅಂಟಿಕೊಂಡ ಚಾಳಿ ಅದು. ಮನಸ್ಸು ಕಲಕಿದರೆ ಬಾಯಿ ಆಡಬೇಕು. ರುಚಿ ತಿಳಿಯುತ್ತಿರಲಿಲ್ಲ, ಸಾಕೆನ್ನುವುದೂ ತಿಳಿಯುತ್ತಿರಲಿಲ್ಲ. ತಿಂದಾದ ಮೇಲೆ ಎದೆಯ ಭಾರ ಹಾಗೇ ಇದ್ದು, ಹೊಟ್ಟೆಯದೂ ಸೇರಿಕೊಳ್ಳುತ್ತಿತ್ತು.

ಜೊತೆಗಿದ್ದ ಚಿಕ್ಕಮ್ಮ ಸೆಫೀನಾ ಇದನ್ನು ನೋಡಿ ನೋಡಿ ಒಮ್ಮೆ ಹೇಳಿಯೇಬಿಟ್ಟಿದ್ದಳು. “ಹಸಿದೋರು ತಿಂದು ಸುಮ್ಮನಾಗ್ತಾರೆ. ನೀನು ಆಗಲ್ವಲ್ಲ ಮಗಳೇ. ನಿಂಗೆ ಬೇಕಾಗಿರೋದು ಪಾತ್ರೇಲಿಲ್ಲ. ಹೋಗಿ ಅವನನ್ನೇ ಕೇಳು.”

ಇಂದು ಕೇಳುವುದೇ ಸೈ ಎಂದು ಮಸೀನಾ ನಿಶ್ಚಯಿಸಿದ್ದಳು. ಇಷ್ಟವಿಲ್ಲವೆಂದರೆ, ಇನ್ನು ಬರಬೇಡಿ ಎಂದೂ ಹೇಳಿಬಿಡುವುದು.

ಅವಳು ಬೀಸಣಿಗೆ ಕೆಳಗಿಟ್ಟಳು. ಉಣ್ಣುವವರ ಮುಂದೆ ಯಾರೂ ಹಾಗೆ ಇಡುವುದಿಲ್ಲ. ಕಂಬಕ್ಕೊರಗಿದ್ದ ಚಿಕ್ಕಮ್ಮ ತಟ್ಟನೆ ಕಣ್ಣು ಮುಚ್ಚಿ ನಿದ್ದೆಯ ನಟನೆ ಮಾಡಿದಳು.

“ನೇರ ಹೇಳಿ ತನಿಯೇಲು. ನನ್ನ ಅಡುಗೆ ನಿಮಗೆ ಸೇರಲ್ವಾ?”

ಅವನು ಬಾಯಿ ತೆರೆಯುವ ಮೊದಲೇ ಅವನ ಹೊಟ್ಟೆ ಗುಡುಗಿತು. ಅಂಗಿಯ ಮೇಲಿಂದ ಅಮುಕಿಕೊಂಡ. ಅದು ಇನ್ನೂ ಜೋರಾಗಿ ಗುಡುಗಿತು.

“ಬೆಳಗಿಂದ ಏನ್ ತಿಂದಿದೀರಿ?”

“ಏನೂ ಇಲ್ಲ.”

“ಮತ್ತೆ ಎಲೆ ಯಾಕೆ ದೂಡಿದ್ರಿ?”

ತಡವರಿಸುತ್ತ ಹೇಳಿದ. ಮೊದಲ ಸಲ ಬಂದು, ನಾಚಿಕೆಗೆ ಅರ್ಧಂಬರ್ಧ ತಿಂದು ಹೊರಟ ದಿನ, ಮನಸ್ಸು ತಡೆಯದೆ ದಾರಿಯ ತಿರುವಿನಲ್ಲಿ ಹಿಂದಿರುಗಿ ನೋಡಿದ್ದನಂತೆ. ಗೋಡೆಯಿಲ್ಲದ ಮನೆ, ಒಲೆಯವರೆಗೂ ಕಾಣುತ್ತದೆ. ಅವಳು ನಿಂತುಕೊಂಡೇ ಗಬಗಬನೆ ತಿನ್ನುತ್ತಿದ್ದಳು. ತನಗೆ ಬಡಿಸಿ ಅವಳು ಉಪವಾಸವಿರುತ್ತಾಳೆಂದುಕೊಂಡ. ಅಂದಿನಿಂದ ವಾರವಾರವೂ ಅವಳಿಗೆಂದು ಹೆಚ್ಚು ಹೆಚ್ಚು ಬಿಟ್ಟ. ಅವಳು ಅಷ್ಟನ್ನೂ ಮುಗಿಸುವುದನ್ನು ಅದೇ ತಿರುವಿನಿಂದ ಕಂಡು, ಇನ್ನೂ ಸಾಲದೆಂದು ಮತ್ತಷ್ಟು ಬಿಟ್ಟ.

ಮಸೀನಾಳಿಗೆ ನಗು ಬಂತು. ನಗುವಿನ ನಡುವೆಯೇ ಕಣ್ಣು ತುಂಬಿತು.

“ಹಸಿವಿಗಲ್ಲ ನಾನು ತಿಂದದ್ದು. ನೀವು ತಿನ್ನದೆ ಹೋಗ್ತಿದ್ರಲ್ಲ, ಆ ಸಂಕಟಕ್ಕೆ.”

“ಇಬ್ಬರ ನಡುವೆ ಈ ಮುದುಕಿಗೆ ಒಂದು ತುಂಡೂ ಸಿಗ್ಲಿಲ್ಲ,” ಎಂದಳು ನಿದ್ದೆಯಲ್ಲಿದ್ದ ಚಿಕ್ಕಮ್ಮ.

ತನಿಯೇಲು ಎಲೆಯನ್ನು ಇಬ್ಬರ ನಡುವೆ ಎಳೆದ. ಈಗ ಅವನ ನೋಟ ಸಮುದ್ರದ ನೆಪ ಹುಡುಕಲಿಲ್ಲ.

“ನೆಂಟ ಅಂತ ಕೂರಿಸಿದ್ದು ಸಾಕು ಮಸೀನಾ. ಗಂಡ ಅಂತ ಕೂರಿಸ್ಕೋತೀಯಾ?”

“ಮೊದಲು ಹೊಟ್ಟೆ ತುಂಬ ತಿನ್ನು. ಹಸಿದವನ ಮಾತು ನಾನು ನಂಬಲ್ಲ.”

ಅವನು ತಿಂದ. ದೀವಿಹಲಸು, ಮೀನು, ಪಲುಸಾಮಿ. ಬೆರಳು ನೆಕ್ಕುತ್ತ, ನಾಚಿಕೆ ಬಿಟ್ಟು ತಿಂದ. ಅದನ್ನು ನೋಡುತ್ತ ಮಸೀನಾ ತನ್ನ ಹೊಟ್ಟೆಯನ್ನೂ ವಿಚಾರಿಸಿಕೊಂಡಳು. ನಸುಕಿನಲ್ಲಿ ಒಲೆ ಹೊತ್ತಿಸಿದಾಗಿನಿಂದ ಅದು ಖಾಲಿಯೇ ಇತ್ತು, ನಿಜವಾಗಿಯೂ ಹಸಿದಿತ್ತು. ಅವಳು ಅವನ ಪಕ್ಕಕ್ಕೆ ಸರಿದು ಕೂತು ಅದೇ ಎಲೆಗೆ ಕೈ ಹಾಕಿದಳು. ತೆಂಗಿನ ಹಾಲು ನಾಲಗೆಗೆ ಸಿಹಿಯಾಗಿ ತಾಗಿತು.

“ಈಗ?” ಅಂದ ಅವನು.

“ಈಗ ನಂಬ್ತೀನಿ. ಹೂಂ.”

ಹೊಟ್ಟೆ ತುಂಬಿದ ಮೇಲೂ ಚಾಳಿಯಂತೆ ಅವಳ ಕೈ ಇನ್ನೊಂದು ತುತ್ತಿಗೆ ಹೋಗಿ, ಅರ್ಧದಲ್ಲೇ ಹಿಂದೆ ಬಂತು. ಬೇಕೆನ್ನಿಸಲಿಲ್ಲ.