ನೋಯದ ಟೇಪು

"ಆ ಕರ್ಚೀಫ್ ತೆಗೀರಿ. ಹೆತ್ತ ಮಗಳ ಮುಂದೆ ಮುಖ ಮುಚ್ಕೋಬೇಕಾ?"

ಅವಳ ದನಿ ಏರಲಿಲ್ಲ. ಏರಿಸಲು ತ್ರಾಣವೇ ಇರಲಿಲ್ಲ.

ಬಸ್ ಓಡಿಸಿ ಮಧ್ಯಾಹ್ನ ಮನೆಗೆ ಬಂದ ಗಂಡ ಬಾಗಿಲಲ್ಲೇ ನಿಂತ. ಮೂಗಿನಿಂದ ಗಲ್ಲದವರೆಗೆ ಕರ್ಚೀಫು. "ಧೂಳು ಕಣೇ…" ಎಂದ.

ಮಗುವಿಗೆ ಇಪ್ಪತ್ತೆರಡು ದಿನ. ಹುಟ್ಟುವಾಗಲೇ ಮೇಲ್ತುಟಿ ಸೀಳಿತ್ತು. ಆಪರೇಷನ್ನಿಗೆ ಇನ್ನೂ ಮೂರು ತಿಂಗಳು. ಅಲ್ಲಿಯವರೆಗೆ ಸೀಳಿನ ಎರಡು ಬದಿಯೂ ಹತ್ತಿರವಾಗಲೆಂದು ಕೆನ್ನೆಯಿಂದ ಕೆನ್ನೆಗೆ ಟೇಪು ಹಚ್ಚಿ, ದಿನವೂ ಬದಲಿಸಬೇಕು. ಕಿತ್ತಾಗ ಎಳೆಯ ಚರ್ಮ ಕೆಂಪಾಗುತ್ತಿತ್ತು, ಮಗು ಚೀರುತ್ತಿತ್ತು. ಸರಿಯಾಗಿ ಆ ಹೊತ್ತಿಗೇ ಇವನು ಹೊರಗೆ ಹೋಗಿಬಿಡುತ್ತಿದ್ದ!

'ಟೇಪಿಲ್ಲದ ಮುಖ ನೋಡೋಕೆ ಇವರಿಗೆ ಅಸಹ್ಯ…' ನಾಲ್ಕು ದಿನದಿಂದ ಅದೇ ಯೋಚನೆ ಅವಳನ್ನು ಕೊರೆಯುತ್ತಿತ್ತು. ಇವತ್ತು ಈ ಕರ್ಚೀಫು ಬೇರೆ.

"ನಾಳೆ ಮಗೂನ ಕರ್ಕೊಂಡು ಅಮ್ಮನ ಮನೆಗೆ ಹೋಗ್ತೀನಿ. ಮತ್ತೆ ಬರಲ್ಲ."

ಅಡುಗೆಮನೆಯಿಂದ ಅತ್ತೆ ಇಣುಕಿದರು. "ತೆಗೆಯೋ ಮಹಾರಾಯ! ಬಾಯಿ ಬಿಡದೆ ಸಂಸಾರ ಮುಳುಗಿಸ್ಕೋಬೇಡ."

ಅವನು ಕರ್ಚೀಫು ಬಿಚ್ಚಿದ. ಮೀಸೆ ಮಾಯ! ಎಡಗೆನ್ನೆ ಕೆಂಪಗೆ ಸುಲಿದಿತ್ತು. ಬಲಗೆನ್ನೆಯ ಮೇಲೆ ಒಂದು ಟೇಪಿನ ತುಂಡು.

"ಅಯ್ಯೋ… ಇದೇನ್ರೀ!"

"ನಾಲ್ಕು ಥರದ ಟೇಪು ಹಚ್ಚಿ, ಕಿತ್ತು ನೋಡ್ದೆ. ತುಟಿ ಮೇಲೂ ನೋಡ್ಬೇಕಿತ್ತಲ್ಲ, ಮೀಸೆ ಅಡ್ಡ ಬಂತು. ಈ ಬಲಗಡೇದು ನೋಯಲ್ಲ. ಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಒತ್ತಿಟ್ಟು, ನೂರು ಎಣಿಸಿ ತೆಗೀಬೇಕು. ಆಸ್ಪತ್ರೆ ನರ್ಸಮ್ಮನೂ ಮಗೂಗೆ ಹಚ್ಬಹುದು ಅಂದ್ರು." ಅವನು ತಲೆ ತಗ್ಗಿಸಿದ. "ಮಗಳು ಅತ್ರೆ ನನ್ನ ಕೈಕಾಲು ನಡುಗುತ್ತೆ ಕಣೇ. ಅದಕ್ಕೇ ಓಡಿಹೋಗ್ತಿದ್ದೆ. ಅವಳ ಮುಖ ನೋಡಿ ಅಲ್ಲ…"

ಅತ್ತೆ ಒಲೆ ಸಣ್ಣಗೆ ಮಾಡಿ, ಸದ್ದಿಲ್ಲದೆ ಅಡುಗೆಮನೆ ಬಾಗಿಲು ಮುಂದಕ್ಕೆಳೆದುಕೊಂಡರು.

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ನೀವು ಟೇಪು ಹುಡುಕ್ತಾ ಇದ್ರಿ… ನಾನು ನಿಮ್ಮನ್ನ ಹುಡುಕ್ತಾ ಇದ್ದೆ. ಅವಳು ಅಳುವಾಗ ನಾನೂ ನಡುಗ್ತೀನಿ ರೀ. ನಡುಗಿದ್ರೂ ಪರವಾಗಿಲ್ಲ, ಪಕ್ಕದಲ್ಲಿ ಇರ್ಬಾರ್ದಿತ್ತಾ?"

"ತಪ್ಪಾಯ್ತು." ಮಂಚದ ಹತ್ತಿರ ಬಂದು ಕೇಳಿದ, "ನಾಳೆ… ಹೋಗ್ತೀಯಾ?"

"ಎಲ್ಲಿಗೆ ಹೋಗ್ಲಿ? ಕೂತ್ರೆ ಏಳೋಕಾಗ್ತಿಲ್ಲ. ಹಿಡ್ಕೊಳ್ಳಿ ಇವಳನ್ನ. ತಲೆ ಎತ್ತರಕ್ಕಿರ್ಲಿ, ಈಗಷ್ಟೇ ಹಾಲು ಕುಡಿದಿದ್ದಾಳೆ."

ಅವನು ಮಗುವನ್ನು ಎದೆಗೊರಗಿಸಿಕೊಂಡು ಮಂಚದ ಅಂಚಿನಲ್ಲಿ ಕುಳಿತ. ಅವಳು ಅವನ ಭುಜಕ್ಕೆ ತಲೆಯಿಟ್ಟಳು.

"ಎಷ್ಟು ಹೊತ್ತು ಹೀಗೇ ಕೂತಿರ್ಲಿ?"

"ನಾನು ಏಳೋವರ್ಗೂ…"

"ಹೂಂ. ಮಲ್ಕೋ."