ಇತರೆ, ದಯವಿಟ್ಟು ತಿಳಿಸಿ

ಸತ್ತವನ ಅರ್ಜಿ ದಿನಾ ನಾಲ್ಕು ಗಂಟೆಗೆ ಸರಿಯಾಗಿ ಬರುತ್ತಿತ್ತು.

ಗಾಬರಿ ಬೀಳಬೇಡಿ, ದೆವ್ವದ ಕಥೆಯಲ್ಲ ಇದು. ದೆವ್ವವೇ ಆಗಿದ್ದರೂ ವಾಸಿಯಿತ್ತು ಅನ್ನಿಸುತ್ತಿತ್ತು ಅವಳಿಗೆ. ಅದಾದರೆ ಎದುರು ನಿಂತು ಒಂದು ಮಾತಾದರೂ ಆಡುತ್ತದಲ್ಲ!

ನರ್ಸಿಂಗ್ ಕಾಲೇಜಿನ ಅಡ್ಮಿಷನ್ ಆಫೀಸು. ಎದುರುಬದುರು ಎರಡು ಮೇಜು, ನಡುವೆ ಒಂದು ಪ್ರಿಂಟರ್. ಆನ್‌ಲೈನ್ ಅರ್ಜಿ ಫಾರ್ಮ್ ಮಾಡುವುದು ಅವನ ಕೆಲಸ, ಹಾಗಾಗಿ ಆಫೀಸಿಗೆಲ್ಲ ಅವನು ಫಾರ್ಮಪ್ಪ. ಬಂದ ಅರ್ಜಿ ಓದಿ ‘ಸ್ವೀಕರಿಸಲಾಗಿದೆ’ ಅಥವಾ ‘ತಿರಸ್ಕರಿಸಲಾಗಿದೆ’ ಒತ್ತುವುದು ಅವಳದು. ಅವನು ಮಾಡಿದ್ದರಲ್ಲೆಲ್ಲ ಹುಳುಕು ಹುಡುಕುತ್ತಾಳೆ ಅಂತ ಅವನು ಅವಳಿಗಿಟ್ಟ ಹೆಸರು ತಿದ್ದುಪಡಿ.

"ಬರುವ ಭಾಷೆಗಳು ಅಂತ ಕೇಳಿ ಒಂದನ್ನೇ ಆರಿಸೋಕಾಗೋ ರೇಡಿಯೋ ಬಟನ್ ಹಾಕಿದೀಯಲ್ಲ, ಎರಡು ಭಾಷೆ ಬರೋರು ಒಂದನ್ನ ಮರೀಬೇಕಾ? ಚೆಕ್ ಬಾಕ್ಸ್ ಹಾಕು."

"ಹಾಕ್ತೀನಿ ಮಹಾತಾಯಿ. ಆದ್ರೆ ಕೆಲವು ಪ್ರಶ್ನೆಗೆ ಒಂದೇ ಉತ್ತರ ಇರೋದು, ಗೊತ್ತಾ?"

"ಯಾವ ಪ್ರಶ್ನೆಗಪ್ಪಾ?"

"ಇದೆ ಒಂದು," ಅಂದು ಪ್ರಿಂಟರ್ ಮೇಲಿಂದ ಇಣುಕುತ್ತಿದ್ದ. ಮೊದಲು ಹುಬ್ಬು ಕಾಣುತ್ತಿತ್ತು, ಆಮೇಲೆ ಕಣ್ಣು, ಅಷ್ಟಕ್ಕೇ ನಿಲ್ಲಿಸುತ್ತಿದ್ದ. ಅವಳು ಕಿವಿ ಬಿಸಿಯಾಗಿ, ಕಾಗದ ಸಿಕ್ಕಿಕೊಂಡಿದೆಯೇನೋ ಅನ್ನುವ ಹಾಗೆ ಪ್ರಿಂಟರಿನ ಮುಚ್ಚಳ ತೆಗೆಯುತ್ತಿದ್ದಳು. ಕಾಗದ ಒಂದು ದಿನವೂ ಸಿಕ್ಕಿಕೊಂಡಿರಲಿಲ್ಲ.

ಫಾರ್ಮ್ ಕೆಟ್ಟಿದೆಯೋ ನೆಟ್ಟಗಿದೆಯೋ ನೋಡಲು ಅವನೊಂದು ಏರ್ಪಾಡು ಮಾಡಿದ್ದ. ದಿನಾ ನಾಲ್ಕಕ್ಕೆ ಕಂಪ್ಯೂಟರೇ ಅವನ ಹೆಸರಲ್ಲಿ ಒಂದು ಟೆಸ್ಟ್ ಅರ್ಜಿ ತುಂಬಿ ಕಳಿಸುತ್ತಿತ್ತು. ಡ್ರಾಪ್‌ಡೌನ್, ಅಂದರೆ ಆಯ್ಕೆಗಳ ಪಟ್ಟಿ, ಬಂದರೆ ಅದರ ಕೊನೆಯದನ್ನೇ ಆರಿಸುತ್ತಿತ್ತು. "ನನ್ನ ಹಾಗೇ ಸೋಮಾರಿ" ಅನ್ನುತ್ತಿದ್ದ. ತುರ್ತಿಗೆ ಯಾರನ್ನು ಕರೆಯಬೇಕು, ಅವರು ನಿಮಗೇನಾಗಬೇಕು ಅನ್ನುವ ಪ್ರಶ್ನೆಯಲ್ಲಿ ಕೊನೆಯದು ‘ಇತರೆ’. ಅದನ್ನು ಆರಿಸಿದರೆ ಮಾತ್ರ ಕೆಳಗೊಂದು ಖಾನೆ ತೆರೆಯುತ್ತಿತ್ತು: ‘ದಯವಿಟ್ಟು ತಿಳಿಸಿ’. ಟೆಸ್ಟ್ ಅರ್ಜಿ ಸೀಟಿನ ಲೆಕ್ಕಕ್ಕೆ ಸೇರಬಾರದಲ್ಲ, ಅವಳು ದಿನಾ ಅದನ್ನು ತಿರಸ್ಕರಿಸುತ್ತಿದ್ದಳು. ತಿರಸ್ಕರಿಸಿದ ಮೆಸೇಜು ಅವನ ಫೋನಿಗೆ ಹೋಗಿ ಟಿಂಗ್ ಅನ್ನುತ್ತಿತ್ತು. "ಅಯ್ಯೋ, ಇವತ್ತೂ ಬೇಡ ಅಂದ್ಳಪ್ಪಾ!" ಅಂತ ಎದೆ ಹಿಡಿದುಕೊಳ್ಳುತ್ತಿದ್ದ.

ಒಂದು ದಿನ ಮಾತ್ರ ತಮಾಷೆ ಮಾಡಲಿಲ್ಲ. "ತಿದ್ದುಪಡೀ, ಇವತ್ತಿನ ಟೆಸ್ಟ್ ಅರ್ಜಿ ಪೂರ್ತಿ ಓದು. ಓದಿ ಆಮೇಲೆ ಒತ್ತು," ಅಂದ. ಮುಖ ಬೆವರಿತ್ತು.

ಓದಿದಳು. ಹೊಸದೇನೂ ಕಾಣಲಿಲ್ಲ. ಅಭ್ಯಾಸಬಲ, ತಿರಸ್ಕರಿಸಿದಳು. ಟಿಂಗ್.

"ಓದಿದ್ಯಾ?"

"ಓದಿದೆ. ಅದರಲ್ಲೇನಿದೆ?"

"ಏನಿಲ್ಲ ಬಿಡು," ಅಂದು ಬೇಗ ಮನೆಗೆ ಹೋದ.

ಅದಾಗಿ ಮೂರು ದಿನಕ್ಕೆ, ಬೆಳಗ್ಗೆ ಆಫೀಸಿಗೆ ಬರುವ ದಾರಿಯಲ್ಲಿ ಲಾರಿ ಅವನ ಬೈಕಿಗೆ ಬಡಿಯಿತು. ಅವಳಿಗೆ ಯಾರೂ ಫೋನ್ ಮಾಡಲಿಲ್ಲ. ಮಾಡಲು ಅವಳು ಅವನಿಗೇನಾಗಬೇಕು? ಮಾರನೇ ದಿನ ನೋಟೀಸ್ ಬೋರ್ಡಿನಲ್ಲಿ ಎಲ್ಲರ ಜೊತೆ ನಿಂತು ಓದಿದಳು.

ಒಂದೂವರೆ ವರ್ಷವಾಯಿತು. ಅವನ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲದೆ, ನಿಲ್ಲಿಸಲೂ ಆಗದೆ, ಆ ಅರ್ಜಿ ಮಾತ್ರ ಬರುತ್ತಲೇ ಇತ್ತು. ಹುಚ್ಚು ಅನ್ನಿ ಬೇಕಾದರೆ, ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಅವಳು ಮುಖ ತೊಳೆದು ತಲೆ ಬಾಚಿಕೊಂಡು ಬಂದು ಕೂರುತ್ತಿದ್ದಳು. ಅವನಿಗೆ ತನ್ನ ಮೇಲೆ ಮನಸ್ಸಿತ್ತೋ ಇಲ್ಲವೋ, ಬರೀ ತಮಾಷೆಯೋ? ಕೇಳೋಣವೆಂದರೆ ಕೇಳುವವನಿಲ್ಲ. ಅದೇ ಉತ್ತರಗಳನ್ನು ಓದಿ, ತಿರಸ್ಕರಿಸಿ, ಎದುರಿನ ಖಾಲಿ ಕುರ್ಚಿ ಕಡೆ ಕಿವಿ ಕೊಡುತ್ತಿದ್ದಳು. ಟಿಂಗ್ ಕೇಳಿಸುತ್ತಿರಲಿಲ್ಲ.

ಈಗ ಆ ಕುರ್ಚಿಗೆ ಹೊಸಬನೊಬ್ಬ ಬಂದಿದ್ದ. ಪಾಪದವನು, ಚುರುಕು.

"ಮೇಡಂ, ಆ ಟೆಸ್ಟ್ ಅರ್ಜಿ ನಿಲ್ಲಿಸೋ ದಾರಿ ಸಿಕ್ತು. ಇವತ್ತೊಂದು ಸಲ ಓಡ್ಲಿ, ನಾಳೆಯಿಂದ ಇರಲ್ಲ."

ಅವಳು ಗಡಿಯಾರ ನೋಡಿದಳು. "ಹೂಂ" ಅಂದಳು.

"ಮತ್ತೆ ಡ್ರಾಪ್‌ಡೌನ್‌ಗಳನ್ನ ಒಪ್ಪ ಮಾಡಿದೀನಿ. ‘ಹೇಳಲು ಇಷ್ಟವಿಲ್ಲ’ ಅನ್ನೋದು ತಳದಲ್ಲಿತ್ತು, ಮೇಲಕ್ಕೆ ತಂದೆ."

ನಾಲ್ಕಾಯಿತು. ಅರ್ಜಿ ಬಂತು. ಬಾಯಿಪಾಠವಾದ ಉತ್ತರಗಳ ಮೇಲೆ ಕಣ್ಣಾಡಿಸುತ್ತ ತುರ್ತು ಸಂಪರ್ಕಕ್ಕೆ ಬಂದವಳು ಅಲ್ಲೇ ನಿಂತಳು. ಒಂದೂವರೆ ವರ್ಷ ಕಾಣದ ಖಾನೆ ತೆರೆದಿತ್ತು.

ಸಂಬಂಧ: ಇತರೆ. ದಯವಿಟ್ಟು ತಿಳಿಸಿ:

‘ಎದುರು ಮೇಜಿನವಳು. ಇನ್ನೂ ಏನೂ ಆಗಿಲ್ಲ, ಆಗಬೇಕು ಅಂತ ಆಸೆ. ತಿದ್ದುಪಡೀ, ಮದುವೆ ಆಗ್ತೀಯಾ? ಒಪ್ಪಿಗೆ ಇದ್ರೆ ಇವತ್ತೊಂದು ದಿನ ಇನ್ನೊಂದು ಬಟನ್ ಒತ್ತು.’

ಅವನು ಪೂರ್ತಿ ಓದು ಅಂದ ದಿನ ಬೆಳಗ್ಗೆ ಒಬ್ಬ ಹುಡುಗಿ ಫೋನ್ ಮಾಡಿ, ನನಗೆ ಯಾರೂ ಇಲ್ಲ, ಯಾರನ್ನ ಬರೀಲಿ ಅಂತ ಅತ್ತಿದ್ದಳು. ಇವಳ ಕರುಳು ಚುರುಕ್ ಅಂದು, ಪಟ್ಟಿ ತಿದ್ದುವ ಅನುಮತಿ ತನಗೂ ಇದ್ದುದರಿಂದ ಅವನನ್ನೊಂದು ಮಾತೂ ಕೇಳದೆ, ಪಟ್ಟಿಯ ಕೊನೆಗೆ ‘ಹೇಳಲು ಇಷ್ಟವಿಲ್ಲ’ ಸೇರಿಸಿದ್ದಳು. ಸೋಮಾರಿ ಕಂಪ್ಯೂಟರ್ ಅದನ್ನೇ ಆರಿಸಿತ್ತು, ಅವನು ಬರೆದಿಟ್ಟಿದ್ದ ‘ಇತರೆ’ಯ ಖಾನೆ ಮುಚ್ಚೇ ಉಳಿದಿತ್ತು. ಅವಳ ತಿದ್ದುಪಡಿಯೇ ಅವಳ ಬಾಳನ್ನು ಮುಚ್ಚಿಟ್ಟಿತ್ತು. ಅಯ್ಯೋ ದೇವರೇ, ಆ ಜೀವ ಏನಂದುಕೊಂಡು ಮನೆಗೆ ಹೋಯಿತೋ!

ಅವಳು ‘ಸ್ವೀಕರಿಸಲಾಗಿದೆ’ ಒತ್ತಿದಳು.

"ಮೇಡಂ, ಅದು ಟೆಸ್ಟು! ಸೀಟಿನ ಲೆಕ್ಕ ತಪ್ಪುತ್ತೆ!"

"ತಪ್ಪಲಿ."

ಹೊಸಬ ಅವಳ ಮುಖ ನೋಡಿ ಏನು ತಿಳಿದನೋ, ನೀರು ತರುತ್ತೇನೆಂದು ಎದ್ದು ಹೊರಗೆ ಹೋದ.

ಐದು ನಿಮಿಷವಾಗಿರಬೇಕು. ಮೇಜಿನ ಫೋನ್ ಹೊಡೆದುಕೊಂಡಿತು. ಪ್ರತಿ ಮೆಸೇಜಿನ ಕೊನೆಗೂ ಅದರದ್ದೇ ನಂಬರ್ ಇರುತ್ತಿತ್ತು.

"ನಿಮ್ಮಲ್ಲಿ ಫಾರ್ಮ್ ಮಾಡ್ತಿದ್ನಲ್ಲ, ಅವನ ಅಕ್ಕ ನಾನು," ಅಂತು ಹೆಂಗಸಿನ ದನಿ. "ಅವನ ಫೋನನ್ನ ಚಾರ್ಜ್ ಹಾಕಿ ಇಟ್ಕೊಂಡಿದೀನಿ, ಆರಿಸೋಕೆ ಮನಸ್ಸು ಬರಲ್ಲ. ದಿನಾ ಒಂದು ಮೆಸೇಜು ಬರೋದು, ತಿರಸ್ಕರಿಸಲಾಗಿದೆ ಅಂತ. ನಾನು ಅತ್ತು ಸುಮ್ಮನಾಗ್ತಿದ್ದೆ. ಇವತ್ತು ಬೇರೆ ಬಂದಿದೆ."

ಅವಳು ರಿಸೀವರನ್ನು ಕಿವಿಗೆ ಒತ್ತಿಕೊಂಡಳು.

"ಹೋಗೋಕೆ ಮೂರು ದಿನ ಮುಂಚೆ ಅವನು ಊಟ ಬಿಟ್ಟು ಮಲಗಿದ್ದ. ಅವಳು ಬೇಡ ಅಂದ್ಳು ಅಕ್ಕಾ ಅಂದ. ಯಾರೋ ಅಂದ್ರೆ, ಎದುರು ಮೇಜಿನವಳು ಅಂದ. ನೀನೇನಮ್ಮಾ ಅದು?"

ಹೇಳಲು ಎಷ್ಟಿತ್ತು! ಪಟ್ಟಿ, ಅದರ ಕೊನೆ, ತೆರೆಯದ ಖಾನೆ. ಎದುರಿನ ಕುರ್ಚಿ ಖಾಲಿಯಿತ್ತು, ಪ್ರಿಂಟರ್ ಮೇಲಿಂದ ಯಾರೂ ಇಣುಕಲಿಲ್ಲ.

"ನಾನೇ ಅಕ್ಕಾ," ಅಂದಳು. "ಬೇಡ ಅಂದಿರ್ಲಿಲ್ಲ. ಅವನು ಕೇಳಿದ್ದು ನನಗೆ ಕಾಣಿಸಿದ್ದೇ ಇವತ್ತು."